ಬಿಳಿಜೋಳ, ಹಗೇವು ಮತ್ತು ಪಡಿತರ



ಬೋರಿ ನದಿಯ ಕುರನೂರ ಜಲಾಶಯದ ಸುತ್ತಲಿನ ಅಕ್ಕಲಕೋಟ ಸೀಮೆಯಲ್ಲಿ ಊಟವೆಂದರೆ ಜೋಳದ ರೊಟ್ಟಿ. ಹಿಂಗಾರಿನ ಬಿಳಿಜೋಳವು ಕರಿನೆಲದಲ್ಲಿ ಉಳಿದ ತೇವವನ್ನೇ ಹೀರಿ ಬೆಳೆಯುತ್ತದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಡತಳಿಯಿಂದ ಆಯ್ದ ಮಾಲದಂಡಿ 35-1 ಅನ್ನು ರೈತರು ಇಂದಿಗೂ ಕೈಬಿಟ್ಟಿಲ್ಲ. ಮನೆಗೆ ಕಾಳು, ದನಕ್ಕೆ ಕಣಿಕೆ.

ಬೆಳೆದುದನ್ನು ಕೆಡದಂತೆ ಕಾಯುವುದು ಬೇರೆಯೇ ವಿದ್ಯೆ. ಹಿರಿಯರು ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುತ್ತಿದ್ದರು. ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ತೀರಿ ಹುಳು ಸಾಯುತ್ತಿತ್ತು. ಬಾಯಿ ತೆರೆದಾಗ ಮೊದಲು ದೀಪ ಇಳಿಸಬೇಕು. ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇಂದಿನ ಗಾಳಿಯಾಡದ, ಪದರುಪದರಾದ ಚೀಲದ ತತ್ತ್ವವೂ ಅದೇ. ಅದಕ್ಕೆ ವಿಷದ ಗುಳಿಗೆ ಬೇಕಿಲ್ಲ. ಆದರೆ ಹಸಿ ಕಾಳು ತುಂಬಿದರೆ ಎರಡರಲ್ಲಿಯೂ ಬೂಷ್ಟು ತಪ್ಪದು, ಕೆಲವು ಬೂಷ್ಟಿನ ವಿಷ ಬೇಯಿಸಿದರೂ ಹೋಗದು. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಕಿಲೋ ಅಕ್ಕಿಗೆ 3, ಗೋದಿಗೆ 2, ಒರಟು ಧಾನ್ಯಕ್ಕೆ 1 ರೂಪಾಯಿ ದರ ಗೊತ್ತುಪಡಿಸಿತು. ಕಾಯಿದೆಯಲ್ಲಿ ಜೋಳಕ್ಕೆ ಸ್ಥಾನ ದೊರೆತರೂ ಪಡಿತರವಾಗಿ ಹೆಚ್ಚಾಗಿ ಬಂದುದು ಅಕ್ಕಿ, ಗೋದಿ. ಅತ್ತ ಕಬ್ಬಿಗೆ ಕಾರ್ಖಾನೆಯೆಂಬ ಖಚಿತ ಗಿರಾಕಿ ಇರುವಾಗ, ಅಂಚಿಗೆ ಸರಿದ ಜೋಳವನ್ನು ರೈತನೊಬ್ಬನೇ ಎಷ್ಟು ಕಾಲ ಉಳಿಸಿಕೊಂಡಾನು?