ಮರುಪ್ರಸಾರದ ಹಕ್ಕು ಯಾರದು?

(ಸೀವುಡ್ಸ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ವಿಷಯ ಮೇಲುನೋಟಕ್ಕೆ ಸಣ್ಣದು. ಟಿ.ವಿ.ಯಲ್ಲಿ ಎಂದೋ ಬಂದುಹೋದ ರಸಪ್ರಶ್ನೆ ಕಾರ್ಯಕ್ರಮಗಳನ್ನು ಅಭಿಮಾನಿಗಳು ಯೂಟ್ಯೂಬಿಗೆ ಏರಿಸುತ್ತಾರೆ, ಹಕ್ಕುದಾರರು ಆಕ್ಷೇಪಿಸುತ್ತಾರೆ, ಕಾರ್ಯಕ್ರಮ ಅಲ್ಲಿಂದ ಮಾಯವಾಗುತ್ತದೆ. ಇದರಲ್ಲಿ ಭಾಷಣ ಮಾಡುವಂಥದ್ದೇನಿದೆ ಎಂದು ಕೆಲವರು ಕೇಳಿಯಾರು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ಸಣ್ಣ ವಿಷಯವಲ್ಲ ಎಂಬುದೇ ನನ್ನ ನಿವೇದನೆ.

ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ನಿಮಗೆಲ್ಲ ಪರಿಚಿತ. ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ಈ ಕಾರ್ಯಕ್ರಮ ಮೂರು ಸಾವಿರ ಸಂಚಿಕೆಗಳನ್ನು ದಾಟಿತು. ಕೋಟಿ ರೂಪಾಯಿಯ ಆಮಿಷ ಅಲ್ಲಿರಲಿಲ್ಲ. ಸರಿಯುತ್ತರಕ್ಕೆ ಕನ್ನಡ ಪುಸ್ತಕವೇ ಬಹುಮಾನ. ಪ್ರಶ್ನೆಯೂ ಕನ್ನಡದಲ್ಲಿ, ವಿವರಣೆಯೂ ಕನ್ನಡದಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿಯುವ ಸೀವುಡ್ಸ್, ನೆರೂಳಿನ ಮಗುವಿಗೆ ಮನೆಮಾತು ಎಂದರೆ ಊಟ-ತಿಂಡಿಯ ಕನ್ನಡ. ‘ದ್ಯುತಿಸಂಶ್ಲೇಷಣೆ’ ಎಂಬ ಶಬ್ದ ಅದರ ಕಿವಿಗೆ ಬೀಳುವುದು ಇಂಥ ಕಾರ್ಯಕ್ರಮಗಳಿಂದಲೇ. ಮೇಲಾಗಿ, ಅನೇಕ ವರ್ಷ ನಮ್ಮ ಕೇಬಲ್‌ನಲ್ಲಿ ಕನ್ನಡ ವಾಹಿನಿಗಳೇ ಬರುತ್ತಿರಲಿಲ್ಲ. ನಾಡಿನವರಿಗೆ ಮರುಪ್ರಸಾರವಾದದ್ದು ನಮಗೆ ಮೊದಲ ಪ್ರಸಾರ.

ನನ್ನ ನೆರೆಯ ಹಿರಿಯರೊಬ್ಬರ ಅನುಭವವನ್ನು ಹೇಳುತ್ತೇನೆ. ಅವರ ತಮ್ಮ ಧಾರವಾಡದಲ್ಲಿ ವಿ.ಸಿ.ಆರ್.ನಲ್ಲಿ ಮುದ್ರಿಸಿ, ರಾತ್ರಿ ಬಸ್ಸಿನಲ್ಲಿ ಕಳುಹಿಸುತ್ತಿದ್ದ ಕ್ಯಾಸೆಟ್ಟುಗಳು ಅವರಲ್ಲಿದ್ದವು. ಬೂಷ್ಟು ಹಿಡಿಯುತ್ತಿದ್ದ ಅವುಗಳಲ್ಲಿ ಒಂದು ಹಳೆಯ ರಸಪ್ರಶ್ನೆ ಕಾರ್ಯಕ್ರಮವನ್ನು ಅವರು ಯೂಟ್ಯೂಬಿಗೆ ಏರಿಸಿದರು. ಕೆಲವೇ ವಾರಗಳಲ್ಲಿ ದೂರು ಬಂದು ಅದು ತೆಗೆಯಲ್ಪಟ್ಟಿತು. ಯಾವ ಕಾರ್ಯಕ್ರಮ, ಯಾರ ದೂರು ಎಂಬುದು ಇಲ್ಲಿ ಅಪ್ರಸ್ತುತ. ಹಿರಿಯರು ಕೇಳಿದ್ದು ಒಂದೇ ಮಾತು: “ಅವರೂ ತೋರಿಸುವುದಿಲ್ಲ, ನನಗೂ ತೋರಿಸಗೊಡುವುದಿಲ್ಲ. ಹಾಗಾದರೆ ಇದನ್ನು ಮೊಮ್ಮಕ್ಕಳು ನೋಡುವುದು ಎಲ್ಲಿ?”

ಕಾನೂನು ಏನೆನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮಿನಂತೆ, ಪ್ರಸಾರವಾದುದನ್ನು ಸ್ವಂತ ಬಳಕೆಗೆ ಮುದ್ರಿಸಿಕೊಳ್ಳುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ. ಆದ್ದರಿಂದ ಧಾರವಾಡದ ತಮ್ಮ ತಪ್ಪಿತಸ್ಥನಲ್ಲ. ಆದರೆ ಅದನ್ನೇ ಲೋಕಕ್ಕೆಲ್ಲ ತೋರಿಸುವುದು ಬೇರೆ ಮಾತು. ಪ್ರಸಾರ ಸಂಸ್ಥೆಯ ಹಕ್ಕು 25 ವರ್ಷ ಇರುತ್ತದೆ. ಚಿತ್ರೀಕರಿಸಿದ ಕೃತಿಯ ಸ್ವಾಮ್ಯ 60 ವರ್ಷ. 2002ರಲ್ಲಿ ಬಿತ್ತರಗೊಂಡ ಸಂಚಿಕೆಯೊಂದು ಪೂರ್ಣವಾಗಿ ಸಾರ್ವಜನಿಕ ಸ್ವತ್ತಾಗುವುದು 2063ರಲ್ಲಿ! ಕಾಂತಪಟ್ಟಿಯ ಆಯುಷ್ಯ ಅಷ್ಟಿಲ್ಲ. ನಮ್ಮ ಹಿರಿಯರದಂತೂ ಇಲ್ಲ.

ಹಾಗೆಂದು ಹಕ್ಕುದಾರರನ್ನು ಖಳರೆನ್ನಲಾರೆ. ಪ್ರಶ್ನೆ ಬರೆದವರ, ಸಂಗೀತ ಒದಗಿಸಿದವರ, ಹಣ ಹೂಡಿದವರ ಶ್ರಮ ಅದರಲ್ಲಿದೆ. ಅಭಿಮಾನದ ಹೆಸರಿನಲ್ಲಿ ಇನ್ನೊಬ್ಬರ ಕೃತಿಯನ್ನು ಏರಿಸಿ ಜಾಹೀರಾತಿನ ಹಣ ಎಣಿಸುವವರೂ ಇದ್ದಾರೆ. ಅದು ಅಭಿಮಾನವಲ್ಲ, ವ್ಯಾಪಾರ.

ಆದರೆ ಹಕ್ಕಿನ ಜೊತೆಗೆ ಹೊಣೆಯೂ ಇರಬೇಕಷ್ಟೆ? ಅಮೆರಿಕದಲ್ಲಿ 1950-70ರ ದಶಕಗಳ ಅನೇಕ ಆಟದ ಕಾರ್ಯಕ್ರಮಗಳು ಇಂದು ಇಲ್ಲ. ದುಬಾರಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದವರು ವಾಹಿನಿಗಳವರೇ. ಬ್ರಿಟನ್ನಿನ ಬಿ.ಬಿ.ಸಿ. ಕೂಡ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಹಲವು ಸಂಚಿಕೆಗಳನ್ನು ಹಾಗೆಯೇ ಕಳೆದುಕೊಂಡಿತು. ಆ ಸಂಚಿಕೆಗಳ ಧ್ವನಿ ಇಂದು ಉಳಿದಿರುವುದು ಮನೆಯಲ್ಲಿ ಕುಳಿತು ಮುದ್ರಿಸಿಕೊಂಡ ಅಭಿಮಾನಿಗಳಿಂದ. ಸಂಸ್ಥೆ ಮುಂದೆ ಆ ಧ್ವನಿಯನ್ನೇ ಪ್ರಕಟಿಸಿತು. ಒಡೆಯ ಕಳೆದುದನ್ನು ಅಭಿಮಾನಿ ಕಾದಿದ್ದ.

ಆದುದರಿಂದ ಜಗಳಕ್ಕಿಂತ ಒಡಂಬಡಿಕೆ ಲೇಸು. ದೂರದರ್ಶನವು ಚಂದನದ ಅನೇಕ ಸಂಚಿಕೆಗಳನ್ನು ತಾನೇ ಯೂಟ್ಯೂಬಿನಲ್ಲಿ ಒದಗಿಸಿದೆ. ಬಾಗಿಲು ತೆರೆದಿದ್ದರೆ ಕಿಟಕಿ ಹಾರುವವರಾರು? 2020ರ ಲಾಕ್‌ಡೌನ್ ಕಾಲದಲ್ಲಿ ‘ರಾಮಾಯಣ’ ಮರುಪ್ರಸಾರವಾದಾಗ ಜನ ಹೇಗೆ ನೋಡಿದರೆಂಬುದನ್ನು ಕಂಡಿದ್ದೇವೆ. ಹಳೆಯದಕ್ಕೆ ಬೆಲೆಯಿಲ್ಲವೆಂಬ ಮಾತು ಸುಳ್ಳು.

ನಮ್ಮ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ಮನೆಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟುಗಳ ಪಟ್ಟಿ ಮಾಡೋಣ. ಯಾವುದನ್ನೂ ಗುಜರಿಗೆ ಹಾಕದಿರೋಣ. ಎರಡು, ಏರಿಸುವ ಮೊದಲು ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಕೇಳೋಣ. ಅವರಲ್ಲಿ ಮೂಲಪ್ರತಿ ಇಲ್ಲದಿದ್ದರೆ ನಮ್ಮದನ್ನು ಉಚಿತವಾಗಿ ಕೊಡೋಣ. ಮೂರು, ಹಳೆಯ ಕನ್ನಡ ರಸಪ್ರಶ್ನೆ ಕಾರ್ಯಕ್ರಮಗಳನ್ನು ದಿನಾಂಕ ಸಹಿತ, ಕ್ರಮವಾಗಿ, ಎಲ್ಲರಿಗೂ ದೊರೆಯುವಂತೆ ಇಡಬೇಕೆಂದು ಪ್ರಸಾರ ಭಾರತಿಗೂ ಖಾಸಗಿ ವಾಹಿನಿಗಳಿಗೂ ಹೊರನಾಡ ಸಂಘಗಳೆಲ್ಲ ಸೇರಿ ಮನವಿ ಸಲ್ಲಿಸೋಣ.

ಕಾಯುವ ಹಕ್ಕು ಒಡೆಯನದು, ನಿಜ. ಹೂಳುವ ಹಕ್ಕು ಯಾರಿಗೂ ಇಲ್ಲ. ಸೀವುಡ್ಸ್‌ನ ಮಗುವೊಂದು ಉತ್ತರವನ್ನು ಕನ್ನಡದಲ್ಲಿ ಥಟ್ಟನೆ ಹೇಳುವಂತಾದರೆ ಈ ಸಭೆ ಸಾರ್ಥಕ.