ಎಸ್‌ಎಂಪಿಎಸ್ ಕೆಟ್ಟರೆ ಗಣಕಯಂತ್ರ ಸತ್ತಂತಲ್ಲ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಾಠ)



ಮಲೆನಾಡಿನ ಶಾಲೆ, ಗ್ರಂಥಾಲಯ, ಸಹಕಾರ ಸಂಘಗಳ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಗಣಕಯಂತ್ರಗಳು ಅಪರೂಪವಲ್ಲ. 'ಕೆಟ್ಟಿದೆ' ಎಂಬ ಒಂದೇ ಮಾತಿನಿಂದ ಅವುಗಳ ಆಯುಷ್ಯ ಮುಗಿದುಹೋಗುತ್ತದೆ. ಮುಂದಿನ ಅನುದಾನ ಬರುವವರೆಗೆ ಮಕ್ಕಳ ಕಲಿಕೆ ನಿಲ್ಲುತ್ತದೆ. ಅನುದಾನ ಬಂದ ಮೇಲೆ ಹಳೆಯ ಯಂತ್ರ ಗುಜರಿಗೆ ಹೋಗುತ್ತದೆ. ಹೀಗೆ ಮೂಲೆ ಸೇರಿದ ಯಂತ್ರಗಳಲ್ಲಿ ಕೆಲವಾದರೂ ನಿಂತಿರುವುದು ಒಂದೇ ಒಂದು ಭಾಗದ ದೋಷದಿಂದ. ಆ ಭಾಗವೇ ಪೇಟೆಯಲ್ಲಿ 'ಎಸ್‌ಎಂಪಿಎಸ್' ಎಂದು ಕರೆಯಲ್ಪಡುವ ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಅದನ್ನು ಕಡಿಮೆ ಖರ್ಚಿನಲ್ಲಿ, ಆದರೆ ವಿವೇಕದಿಂದ ಬದಲಾಯಿಸುವ ಬಗೆಯೇ ಈ ಉಪನ್ಯಾಸದ ವಿಷಯ.

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ವಿದ್ಯುತ್ತು ಗಣಕಯಂತ್ರದ ಸೂಕ್ಷ್ಮ ಭಾಗಗಳಿಗೆ ನೇರವಾಗಿ ಒಗ್ಗುವುದಿಲ್ಲ. ಎಸ್‌ಎಂಪಿಎಸ್ ಮೊದಲು ಅದನ್ನು ಸುಮಾರು 325 ವೋಲ್ಟಿನ ಏಕಮುಖ ವಿದ್ಯುತ್ತನ್ನಾಗಿ ಮಾಡುತ್ತದೆ. ಬಳಿಕ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. ಈ ಇಳಿಕೆಯಲ್ಲಿ ಏರುಪೇರಾಗದಂತೆ ಕಾಯುವವು ಕೆಪಾಸಿಟರ್‌ಗಳು. ಅವುಗಳೊಳಗಿನ ದ್ರವ ಶಾಖಕ್ಕೆ ಕ್ರಮೇಣ ಒಣಗುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರು ಒಪ್ಪಿದ ಅಂದಾಜು. ಆದ್ದರಿಂದ ಧೂಳು ತುಂಬಿ ನಿಂತುಹೋದ ಫ್ಯಾನು ಎಸ್‌ಎಂಪಿಎಸ್ಸಿಗೆ ನಿಧಾನವಿಷವಿದ್ದಂತೆ. ಮಲೆನಾಡಿನಲ್ಲಿ ಇದರೊಂದಿಗೆ ಮಳೆಗಾಲದ ತೇವ, ಬೆಚ್ಚನೆಯ ಜಾಗ ಹುಡುಕಿ ಒಳಹೊಕ್ಕುವ ಇರುವೆ ಹಲ್ಲಿಗಳು, ಮುಂಗಾರುಪೂರ್ವದ ಗುಡುಗು ಸಿಡಿಲು, ಮರ ಬಿದ್ದು ಹೋಗಿ ಬರುವ ಕರೆಂಟಿನ ಏರಿಳಿತಗಳೂ ಸೇರಿಕೊಳ್ಳುತ್ತವೆ.

ಎಸ್‌ಎಂಪಿಎಸ್ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. ಕೆಲಸದ ನಡುವೆ ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುವುದು, ಗುಂಡಿ ಒತ್ತಿದರೆ ಮೂರು ನಾಲ್ಕನೆಯ ಸಲಕ್ಕೆ ಏಳುವುದು, ಸುಟ್ಟ ವಾಸನೆ, ಫ್ಯಾನಿನ ಕರ್ಕಶ ಸದ್ದು ಇವು ಮುಖ್ಯ ಲಕ್ಷಣಗಳು. ಆದರೆ ಇದೇ ಲಕ್ಷಣಗಳು ಬೇರೆ ಕಾರಣಗಳಿಂದಲೂ ತೋರಬಹುದು. ಹೀಗಾಗಿ ಹಣ ಕೊಡುವ ಮೊದಲು ಹಣ ಬೇಡದ ಪರೀಕ್ಷೆಗಳು ಆಗಬೇಕು.

ಮೊದಲನೆಯದು, ಯುಪಿಎಸ್ ತಪ್ಪಿಸಿ ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಿ ನೋಡುವುದು. ಯುಪಿಎಸ್ಸಿನ ಬ್ಯಾಟರಿ ಸೋತಿದ್ದರೆ ಕರೆಂಟು ಮಿಣುಕಿದಾಗಲೆಲ್ಲ ಯಂತ್ರ ಆರಿಹೋಗುತ್ತದೆ. ಅಪವಾದ ಮಾತ್ರ ಎಸ್‌ಎಂಪಿಎಸ್ಸಿನ ಮೇಲೆ ಬರುತ್ತದೆ. ಎರಡನೆಯದು, ಪ್ಲಗ್ ಕಿತ್ತು ಗಾಳಿಕಿಂಡಿಗಳ ಧೂಳನ್ನು ಮೃದುವಾದ ಕುಂಚದಿಂದ ತೆಗೆದು, ಒಳಗಿನ ಸಂಪರ್ಕಗಳನ್ನು ಬಿಚ್ಚಿ ಬಿಗಿಯಾಗಿ ಕೂರಿಸುವುದು. ಮೂರನೆಯದು, ಮಲ್ಟಿಮೀಟರಿನ ಅಳತೆ. ಯಂತ್ರ ನಡೆಯುತ್ತಿರುವಾಗ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪು ತಂತಿಯಲ್ಲಿ 4.75ರಿಂದ 5.25 ವೋಲ್ಟುಗಳ ನಡುವೆ ಇರಬೇಕು. ಈ ಎಲ್ಲೆ ಮೀರಿದರೆ ಎಸ್‌ಎಂಪಿಎಸ್ ಸೋತಿದೆ ಎಂದೇ ಅರ್ಥ. ಮೀಟರ್ ಇಲ್ಲದಿದ್ದರೆ ಪಕ್ಕದ ಶಾಲೆಯಿಂದ ಅದೇ ಬಗೆಯ, ಸುಸ್ಥಿತಿಯಲ್ಲಿರುವ ಎಸ್‌ಎಂಪಿಎಸ್ಸನ್ನು ಒಂದು ದಿನದ ಮಟ್ಟಿಗೆ ಎರವಲು ತಂದು ಜೋಡಿಸಿ ನೋಡುವುದೇ ನಂಬಬಹುದಾದ ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದು ಪ್ರಾಣಕ್ಕೆ ಎರವಾಗಬಲ್ಲದು. ಉಬ್ಬಿದ ಕೆಪಾಸಿಟರ್ ಅಥವಾ ನಿಂತ ಫ್ಯಾನು ಮಾತ್ರವೇ ದೋಷವಾಗಿದ್ದರೆ ಪೇಟೆಯ ಅನುಭವಿ ರಿಪೇರಿಗಾರರು ಅದನ್ನು ಅಲ್ಪ ಖರ್ಚಿನಲ್ಲಿ ಬದಲಿಸಿಕೊಡುತ್ತಾರೆ. 105 ಡಿಗ್ರಿ ಎಂದು ನಮೂದಿಸಿದ ಕೆಪಾಸಿಟರ್‌ಗಳನ್ನೇ ಹಾಕುವಂತೆ ಕೇಳುವುದು ಒಳ್ಳೆಯದು.

ಹೊಸದನ್ನೇ ಕೊಳ್ಳಬೇಕಾದಾಗ ಬಡವರ ಹಣ ಪೋಲಾಗುವುದು ಎರಡು ದಾರಿಗಳಲ್ಲಿ. ತೀರ ಅಗ್ಗದ್ದನ್ನು ತರುವುದು ಒಂದು ದಾರಿ. ಅಗತ್ಯಕ್ಕಿಂತ ದೊಡ್ಡದನ್ನು ತರುವುದು ಇನ್ನೊಂದು. ಅಗ್ಗದ ಪೆಟ್ಟಿಗೆಗಳ ಮೇಲೆ '450 ವಾಟ್' ಎಂದು ದಪ್ಪಕ್ಷರದಲ್ಲಿರುತ್ತದೆ. ಅದನ್ನು ನಂಬದೆ ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿನ ಎದುರಿಗಿರುವ ಆಂಪಿಯರ್ ಸಂಖ್ಯೆಯನ್ನು ಓದಬೇಕು. ಅಲ್ಲಿ 14 ಆಂಪಿಯರ್ ಎಂದಿದ್ದರೆ 12ನ್ನು 14ರಿಂದ ಗುಣಿಸಿದಾಗ ಬರುವುದು 168 ವಾಟ್ ಮಾತ್ರ. ಇಂದಿನ ಗಣಕಗಳು ಬಹುಪಾಲು ವಿದ್ಯುತ್ತನ್ನು ಸೆಳೆಯುವುದು ಈ 12 ವೋಲ್ಟಿನಿಂದಲೇ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಶಾಲೆ, ಕಚೇರಿಗಳ ಯಂತ್ರಕ್ಕೆ ಪರದೆಯನ್ನು ಬಿಟ್ಟರೆ ಸಾಮಾನ್ಯವಾಗಿ 100 ವಾಟ್ ಕೂಡ ಬೇಕಾಗುವುದಿಲ್ಲ. ಪ್ರಾಮಾಣಿಕವಾದ 300 ವಾಟಿನ ಪೆಟ್ಟಿಗೆ ಧಾರಾಳವಾಗಿ ಸಾಕು. ಹಳೆಯ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು ಅಳತೆ ಮತ್ತು ಸಂಪರ್ಕಗಳನ್ನು ಹೋಲಿಸಿ ಕೊಳ್ಳಬೇಕು. ಕೆಲವು ಕಂಪನಿಗಳ ಯಂತ್ರಗಳಲ್ಲಿ ಎರಡೂ ಬೇರೆಯಾಗಿರುತ್ತವೆ. ರಸೀದಿ ಮತ್ತು ವಾರಂಟಿ ಇಲ್ಲದ ಸರಕು ಎಷ್ಟು ಅಗ್ಗವಾದರೂ ದುಬಾರಿಯೇ, ಏಕೆಂದರೆ ಕಳಪೆ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ತನ್ನೊಡನೆ ಒಯ್ಯಬಹುದು.

2004ರಲ್ಲಿ ಅಮೆರಿಕದಲ್ಲಿ ಆರಂಭವಾದ '80 ಪ್ಲಸ್' ಎಂಬ ಗುರುತು, ಪೆಟ್ಟಿಗೆ ಪಡೆದ ವಿದ್ಯುತ್ತಿನಲ್ಲಿ ಕನಿಷ್ಠ ಶೇಕಡಾ 80ರಷ್ಟನ್ನು ಯಂತ್ರಕ್ಕೆ ತಲುಪಿಸುತ್ತದೆ ಎಂದು ಸೂಚಿಸುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಯಂತ್ರಕ್ಕೆ 80 ವಾಟ್ ಬೇಕಿದ್ದರೆ, ಶೇಕಡಾ 65ರ ದಕ್ಷತೆಯ ಪೆಟ್ಟಿಗೆ 123 ವಾಟ್ ಎಳೆಯುತ್ತದೆ. ಶೇಕಡಾ 80ರದ್ದು 100 ವಾಟ್ ಎಳೆಯುತ್ತದೆ. ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ ಉಳಿತಾಯ ಸುಮಾರು 41 ಯೂನಿಟ್. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ತೊರೆದವರ ನೆಲದಲ್ಲಿ ಯೂನಿಟ್ಟಿನ ಬೆಲೆಯನ್ನು ಬಿಲ್ಲಿನ ರೂಪಾಯಿಗಳಲ್ಲಿ ಮಾತ್ರ ಎಣಿಸಲಾಗದು.

ಹೊಸ ಎಸ್‌ಎಂಪಿಎಸ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ತಿಂಗ್ ಸರಿಯಿಲ್ಲವೆಂದು ಸಂಶಯಿಸಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚಿಲ್ಲವೆಂದು ಎಲೆಕ್ಟ್ರಿಷಿಯನ್‌ನಿಂದ ಅಳೆಯಿಸಬೇಕು. ಜಂಬಿಟ್ಟಿಗೆಯ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಅರ್ತ್ ಗುಂಡಿಗೆ ಆಗಾಗ ನೀರೆರೆಯಬೇಕು. ಗುಡುಗು ಕೇಳಿಸುವ ಮುನ್ನವೇ, ಮೋಡ ಕಟ್ಟಿದೊಡನೆ ಪ್ಲಗ್ಗನ್ನೂ ಫೋನ್ ತಂತಿಯನ್ನೂ ಕಿತ್ತಿಡಬೇಕು. ಸಿಡಿಲು ಎರಡೂ ದಾರಿಗಳಲ್ಲಿ ಬರುತ್ತದೆ.

ಕೆಟ್ಟ ಪೆಟ್ಟಿಗೆಯ ಗತಿಯೂ ಮುಖ್ಯ. ತಾಮ್ರದ ಆಸೆಗೆ ಅದನ್ನು ತೋಟದಲ್ಲಿ ಸುಟ್ಟರೆ ತಂತಿಯ ಪ್ಲಾಸ್ಟಿಕ್ಕಿನಿಂದ ವಿಷಹೊಗೆ ಏಳುತ್ತದೆ. ಹಳೆಯ ಬೆಸುಗೆಯಲ್ಲಿರುವ ಸೀಸ ಮಣ್ಣಿಗೂ ಹಳ್ಳದ ನೀರಿಗೂ ಸೇರುತ್ತದೆ. ಭಾರತದಲ್ಲಿ ಇ-ತ್ಯಾಜ್ಯಕ್ಕೆಂದೇ ರೂಪಿಸಿದ ನಿಯಮಗಳು 2012ರ ಮೇ ತಿಂಗಳಿಂದ ಜಾರಿಗೆ ಬಂದವು; ಅವುಗಳ ಪರಿಷ್ಕೃತ ರೂಪ 2023ರ ಏಪ್ರಿಲ್‌ನಿಂದ ನಡೆಯುತ್ತಿದೆ. ಹತ್ತು ಮನೆಗಳ, ಎರಡು ಶಾಲೆಗಳ ಇಂಥ ತ್ಯಾಜ್ಯವನ್ನು ಒಂದೆಡೆ ಒಣಜಾಗದಲ್ಲಿ ಕೂಡಿಟ್ಟು, ನೋಂದಾಯಿತ ಮರುಬಳಕೆದಾರರಿಗೆ ಒಟ್ಟಾಗಿ ಒಪ್ಪಿಸುವುದು ಹಳ್ಳಿಗೆ ಸಾಧ್ಯವಿರುವ ಕೆಲಸ.

ನೇಗಿಲಿನ ಗುಳ ಸವೆದರೆ ರೈತ ನೇಗಿಲನ್ನೇ ಎಸೆಯುವುದಿಲ್ಲ, ಗುಳ ಬದಲಿಸುತ್ತಾನೆ. ಗಣಕಯಂತ್ರದ ವಿಷಯದಲ್ಲಿಯೂ ಅದೇ ನ್ಯಾಯ ಸಲ್ಲಬೇಕು. ಪ್ರತಿ ಊರಿನಲ್ಲಿ ಒಂದು ಮಲ್ಟಿಮೀಟರ್, ಅದನ್ನು ಬಳಸಬಲ್ಲ ಇಬ್ಬರು ವಿದ್ಯಾರ್ಥಿಗಳು, ಪರೀಕ್ಷೆಗೆಂದು ಎತ್ತಿಟ್ಟ ಒಂದು ಒಳ್ಳೆಯ ಎಸ್‌ಎಂಪಿಎಸ್ ಇಷ್ಟಿದ್ದರೆ ಬಟ್ಟೆ ಹೊದ್ದು ಕುಳಿತ ಯಂತ್ರಗಳಲ್ಲಿ ಕೆಲವು ಮತ್ತೆ ಮಕ್ಕಳ ಮುಂದೆ ಬೆಳಗಬಲ್ಲವು.