ಬಂದರನ್ನು ಕಟ್ಟುವುದೆಂದರೆ

ಕಡಲಿದ್ದ ಮಾತ್ರಕ್ಕೆ ಬಂದರು ಆಗುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ನಾಡಿಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿಯುಂಟು. ಹೊಳೆಗಳು ಕಡಲನ್ನು ಸೇರುವ ಅಳಿವೆಗಳೂ ಹತ್ತಾರು ಉಂಟು. ಆದರೂ ಕೇಂದ್ರ ಸರಕಾರದ ಲೆಕ್ಕದಲ್ಲಿ ‘ಪ್ರಧಾನ ಬಂದರು’ ಎನಿಸಿಕೊಂಡದ್ದು ಒಂದೇ ಒಂದು. ಅದು ಪಣಂಬೂರಿನ ನವಮಂಗಳೂರು ಬಂದರು. ಹೀಗೇಕೆ ಎಂದು ಕೇಳಿಕೊಂಡರೆ ಬಂದರಿನ ಗುಟ್ಟು ತಾನಾಗಿ ತಿಳಿಯುತ್ತದೆ.

ಮೊದಲು ಮಾತಿನ ವಿಚಾರ. ರೇವು, ಬಂದರು ಎಂಬೆರಡು ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಬಂದರು ಎಂಬುದು ಪಾರಸಿಯಿಂದ ಬಂದು ನಮ್ಮದೇ ಆಗಿಹೋದ ಶಬ್ದ. ವಿಚಾರದ ಅನುಕೂಲಕ್ಕಾಗಿ ಇವೆರಡನ್ನು ಬೇರ್ಪಡಿಸೋಣ. ಅಲೆಯ ಹೊಡೆತವಿಲ್ಲದೆ ಹಡಗು ನೆಮ್ಮದಿಯಾಗಿ ನಿಲ್ಲಬಲ್ಲ ನೀರಿನ ತಾಣ ರೇವು. ಆ ತಾಣಕ್ಕೆ ಧಕ್ಕೆ, ಉಗ್ರಾಣ, ಸುಂಕದ ಕಟ್ಟೆ, ರಸ್ತೆ, ರೈಲು ಇವೆಲ್ಲ ಕೂಡಿದಾಗ ಬಂದರು. ರೇವನ್ನು ಪ್ರಕೃತಿ ಕೊಡಬಹುದು. ಬಂದರನ್ನು ಮಾತ್ರ ಮನುಷ್ಯನೇ ಯೋಚಿಸಿ ಕಟ್ಟಬೇಕು.

ಮಂಗಳೂರಿನ ಹಳೆಯ ಬಂದರನ್ನು ನೋಡಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡುವ ಎಡೆ ಅದು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತನು ಇಲ್ಲಿ ಪಾರಸಿ ಮತ್ತು ಯೆಮನ್ ದೇಶಗಳ ವರ್ತಕರನ್ನು ಕಂಡನು. ಅವರು ಬರುತ್ತಿದ್ದುದು ಮೆಣಸು ಶುಂಠಿಗಳಿಗಾಗಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹೆಂಚು ಮಂಜಿಗಳನ್ನೇರಿ ದೂರದೂರಿಗೆ ಹೋಯಿತು. ಆದರೆ ಹೊಳೆ ತಂದ ಮರಳು ಅಳಿವೆಯ ಬಾಯಲ್ಲಿ ದಿಣ್ಣೆಯಾಗಿ ನಿಲ್ಲುತ್ತಿತ್ತು. ದೊಡ್ಡ ಹಡಗು ಒಳಗೆ ಬರುವಂತಿಲ್ಲ. ನಡುಗಡಲಲ್ಲೇ ಲಂಗರು ಹಾಕಬೇಕು. ಸರಕನ್ನು ದೋಣಿಗಳಲ್ಲಿ ಸಾಗಿಸಿ ಏರಿಸಬೇಕು. ಮಳೆಗಾಲ ಬಂದಿತೆಂದರೆ ಆ ಕೆಲಸವೂ ನಿಂತಿತು.

1956ರಲ್ಲಿ ಕನ್ನಡನಾಡು ಒಂದಾದಾಗ ಈ ಕರಾವಳಿಯೂ ಮೈಸೂರು ರಾಜ್ಯಕ್ಕೆ ಸೇರಿತು. ಒಳನಾಡಿಗೆ ತನ್ನದೇ ಕಡಲ ಬಾಗಿಲು ದೊರೆತಂತಾಯಿತು. ಹಳೆಯ ಅಳಿವೆಯನ್ನು ಬಿಟ್ಟು ಉತ್ತರದ ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ 1962ರಲ್ಲಿ ಆರಂಭವಾಯಿತು. ಅಲ್ಲಿ ಹುಟ್ಟುರೇವು ಇರಲಿಲ್ಲ. ನೆಲವನ್ನೇ ಅಗೆದು ಕಡಲ ನೀರನ್ನು ಒಳಗೆ ಕರೆದರು. ಎರಡು ಪಕ್ಕಗಳಲ್ಲಿ ತಲಾ 770 ಮೀಟರ್ ಉದ್ದದ ಅಲೆತಡೆ ಗೋಡೆಗಳು ಎದ್ದವು. ಹಡಗು ಬರಲು ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಆಳವಾದ ಕಾಲುವೆಯನ್ನು ಕಡಲ ತಳದಲ್ಲಿ ತೋಡಿದರು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಬಂದರನ್ನು ಉದ್ಘಾಟಿಸಿದರು. ಮಳೆಗಾಲ ಬೇಸಗೆಯೆನ್ನದೆ ಹಡಗು ಬರುವಂತಾಯಿತು. ಆದರೆ ಕಡಲು ಕೊಟ್ಟ ಜಾಗವನ್ನು ಮರಳಿ ಕೇಳುತ್ತಲೇ ಇರುತ್ತದೆ, ವರ್ಷವರ್ಷವೂ ಹೂಳೆತ್ತಲೇಬೇಕು.

ನೀರು ಸಿದ್ಧವಾಯಿತು, ದಾರಿ? ಹಾಸನದಿಂದ ಮಂಗಳೂರಿಗೆ ರೈಲುಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲೇ 57 ಸುರಂಗಗಳಿವೆ. ಇಂದಿಗೂ ಮಳೆಗಾಲದಲ್ಲಿ ಶಿರಾಡಿಯ ಗುಡ್ಡ ಕುಸಿದರೆ ಬಂದರಿನ ಕೈಯೇ ಕಟ್ಟಿದಂತೆ. ಬಂದರಿನ ಒಂದು ತುದಿ ಕಡಲಿನಲ್ಲಿದ್ದರೆ ಇನ್ನೊಂದು ತುದಿ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿದೆ ಎಂಬುದನ್ನು ಯೋಜನೆ ಮಾಡುವವರು ಮರೆಯಬಾರದು.

ಸರಕಿನ ಲೆಕ್ಕಾಚಾರವೂ ಅಷ್ಟೇ ಮುಖ್ಯ. ಕುದುರೆಮುಖದ ಕಬ್ಬಿಣದ ಅದಿರನ್ನು ವರ್ಷಕ್ಕೆ 75 ಲಕ್ಷ ಟನ್ ಕೊಳ್ಳುವುದಾಗಿ ಇರಾನ್ ದೇಶ 1975ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಅದಿರನ್ನು ನೀರಿನಲ್ಲಿ ಕದಡಿ ಬಂದರಿಗೆ ಹರಿಸಲು 67 ಕಿಲೋಮೀಟರ್ ಕೊಳವೆ ಹಾಕಿದರು. ಅದಿರಿಗೆಂದೇ ಧಕ್ಕೆಯೂ ಆಯಿತು. ಅಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲವಾದರು. ಬೇರೆ ಗಿರಾಕಿಗಳನ್ನು ಹುಡುಕಿ ಕೆಲಸ ನಡೆಸಿದ್ದಾಯಿತು. ಕಾಡನ್ನೂ ಹೊಳೆಯನ್ನೂ ಉಳಿಸುವ ಸಲುವಾಗಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಯೇ ನಿಂತಿತು. ಅಷ್ಟಾದರೂ ಬಂದರು ಬಡವಾಗಲಿಲ್ಲ. 1996ರಲ್ಲಿ ಆರಂಭವಾದ ಎಣ್ಣೆ ಶುದ್ಧೀಕರಣ ಕಾರ್ಖಾನೆಗೆ ಕಚ್ಚಾ ಎಣ್ಣೆ ಇಲ್ಲಿಯೇ ಇಳಿಯುತ್ತದೆ. ಅಡಿಗೆ ಅನಿಲ, ಕಲ್ಲಿದ್ದಲು, ಕಾಫಿ, ಗೋಡಂಬಿ ಎಲ್ಲವೂ ಇಲ್ಲಿ ಬಂದುಹೋಗುತ್ತವೆ. ಒಂದೇ ಸರಕನ್ನು ನಂಬಿದ ಬಂದರು ಒಂದೇ ಮಗನನ್ನು ನಂಬಿದ ಮನೆಯಂತೆ.

ಕೊನೆಯದಾಗಿ, ತೀರದ ಜನ. ಪಣಂಬೂರಿನಲ್ಲಿ ಹಡಗು ನಿಂತಿರುವೆಡೆ ಒಂದು ಕಾಲಕ್ಕೆ ಮನೆ, ಗದ್ದೆ, ತೆಂಗಿನ ತೋಟಗಳಿದ್ದವು. ಅಲ್ಲಿಂದೆದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕೊಟ್ಟರು. ನೆಲಕ್ಕೆ ಬದಲು ನೆಲ ಕೊಡಬಹುದು; ಊರಿಗೆ ಬದಲು ಊರನ್ನು ಕೊಡುವುದು ಸುಲಭವಲ್ಲ. ತೀರದ ಮರಳಿಗೂ ತನ್ನದೇ ನಡಿಗೆಯುಂಟು. ಗೋಡೆಯೊಂದು ಅದನ್ನು ತಡೆದರೆ ಒಂದು ಪಕ್ಕದಲ್ಲಿ ಮರಳು ತುಂಬುತ್ತದೆ, ಇನ್ನೊಂದು ಪಕ್ಕದಲ್ಲಿ ದಡ ಕೊರೆದುಹೋಗುತ್ತದೆ. ಈಚಿನ ವರ್ಷಗಳಲ್ಲಿ ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರುಗಳ ಯೋಜನೆಗೆ ಮೀನುಗಾರರು ಅಡ್ಡಿ ಹೇಳಿರುವುದರ ಹಿಂದೆ ಇಂಥ ಭಯವೇ ಇದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಆ ನೀರಿನ ಆಳವನ್ನೂ ಆ ಮರಳಿನ ಚಲನೆಯನ್ನೂ ದಿನದಿನವೂ ಕಾಣುವವರು ಅವರು.

ಆದುದರಿಂದ ನಿಮ್ಮೂರ ಹತ್ತಿರ ಬಂದರು ಬರುತ್ತದೆಂಬ ಸುದ್ದಿ ಕೇಳಿದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ: ನೀರು ನೆಮ್ಮದಿಯಾಗಿ ನಿಲ್ಲುವುದೆ? ಸರಕಿಗೆ ದಾರಿ ಇದೆಯೆ? ಒಂದು ಸರಕು ತಪ್ಪಿದರೆ ಇನ್ನೊಂದು ಇದೆಯೆ? ದಡದವರಿಗೆ ಬದುಕು ಉಳಿಯುವುದೆ? ಮೊದಲ ಮೂರಕ್ಕೆ ಉತ್ತರವನ್ನು ಎಂಜಿನಿಯರರೂ ವರ್ತಕರೂ ಕೊಡಬಲ್ಲರು. ನಾಲ್ಕನೆಯದನ್ನು ದಡದವರನ್ನೇ ಕೇಳಬೇಕು; ಅದನ್ನು ಕಲ್ಲು ಹಾಕುವ ಮೊದಲೇ ಕೇಳಬೇಕು.